ಟೋಪಿ ಸೆಲ್ವಿನ್ನನ ಬೇಟೆ ನಾಯಿ

ಈ ಸ್ಕಾರ್‌ಬೆಕ್ ಕಣಿವೇಲಿ ಇದುವರೆಗೂ ಎಷ್ಟು ಬೇಟೆ ನಾಯಿ ಹುಟ್ಟಿವೆಯೋ ಅಷ್ಟಕ್ಕೂ ಸೂಲಗಿತ್ತಿ ನಾನೇ. ಇದ್ರಲ್ಲಿ ಅರ್ಧ ಸುಳ್ಳು, ಒಪ್ಕೋತೀನಿ. ಅರ್ಧಕ್ಕೆ ನಾನು ಬರೀ ಬಿಸಿನೀರು ಕಾಯಿಸಿ ಕೊಟ್ಟು ಬಾಗಿಲ ಹತ್ರ ನಿಂತು ಬೈದಿದ್ದು. ಆದ್ರೆ ಸೆಲ್ವಿನ್ನನ ಟಾಫಿ ಮಾತ್ರ ನಮ್ಮ ಅಡಿಗೆಮನೇಲೇ, ನಮ್ಮ ನಾಯಿ ಜೂನೋ ಹೊಟ್ಟೇಲೇ ಹುಟ್ಟಿದ್ದು. ಅದಕ್ಕೇ ಈ ಕಥೆ ಹೇಳೋ ಹಕ್ಕು ನನ್ನದು. ಸೆಲ್ವಿನ್ನನ್ನ ಕೇಳಿದ್ರೆ ಎರಡನೇ ಮಾತಿಗೇ ಕಿವಿ ಕೆಂಪಾಗಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಅಂತ ಎದ್ದು ಹೋಗ್ತಾನೆ. ಅವನ ಮನೇಲಿ ಹಾಲು ಕಾಯಿಸೋರು ಹೆಂಡತಿ ಎನಿಡ್ ಅಂತ ಊರಿಗೇ ಗೊತ್ತು.

ಸೆಲ್ವಿನ್ ಪೇಟೆಯವನು. ಅಲ್ಲಿ ಟೋಪಿ ಅಂಗಡಿ ಇಟ್ಟಿದ್ದ. ಟೋಪಿ ಮಾರ್ತಿದ್ದ ಅಷ್ಟೇ, ಯಾರಿಗೂ ಹಾಕಿದವನಲ್ಲ. ನಮ್ಮೂರ ಎನಿಡ್‌ನ ಮದುವೆಯಾಗಿ, ಅಂಗಡಿ ಮಾರಿ, ಇಲ್ಲಿ ಸಾಲುಮನೇಲಿ ಒಂದು ಮನೆ ಹಿಡಿದ. ಮೃದು ಮನುಷ್ಯ. ದಾರೀಲಿ ಕುರಿ ಎದುರಾದ್ರೂ ಟೋಪಿ ಎತ್ತಿ ನಮಸ್ಕಾರ ಮಾಡೋನು.

ತಾಪತ್ರಯ ಇದ್ದಿದ್ದು ಮಾವನ ಹತ್ರ. ಎನಿಡ್ ಅಪ್ಪ ಜೇಬೆಜ್ ಮುದುಕ, ಈ ಕಾಡಿನ ಒಡೆಯರಾದ ಮೇಜರ್ ಸಾಹೇಬ್ರ ಬೇಟೇಲಿ ಲಾರ್ಚ್ ಮರದ ದಿಣ್ಣೆ ಕೆಳಗೆ ಗೋಡೆ ಮೂಲೆ ಇದೆಯಲ್ಲ, ಅಲ್ಲಿ ನಾಯಿ ಹಿಡ್ಕೊಂಡು ನಿಂತೇ ಆಯುಸ್ಸು ಕಳೆದವನು. ಬಂದೂಕಿನವರು ಫೆಸೆಂಟ್ ಹಕ್ಕಿ ಹೊಡೀತಾರೆ. ಅದು ಎಲ್ಲೋ ಹೋಗಿ ಬೀಳುತ್ತೆ. ನಾಯಿ ಹೋಗಿ, ಹುಡುಕಿ, ಒಂದು ಎಲುಬು ಮುರೀದ ಹಾಗೆ ಬಾಯಲ್ಲಿ ತಂದು ಯಜಮಾನನ ಕೈಗೆ ಕೊಡಬೇಕು. ಕೆಲಸ ಇಷ್ಟೇ. ಆದ್ರೆ ನಮ್ಮಲ್ಲಿ ಆ ಗೋಡೆ ಮೂಲೇಲಿ ನಿಲ್ಲೋದು ಅಂದ್ರೆ ಬಿಷಪ್ಪಾಗೋದಕ್ಕಿಂತ ಒಂದು ಕೈ ಮೇಲು. ಬಿಷಪ್ಪು ಯಾರಾದ್ರೂ ಆಗ್ಬಹುದು, ನಾಯಿ ಸಾಕೋಕೆ ಬರದವರೂ ಆಗಿದಾರೆ.

ನಾಯಿ ಇಲ್ಲದ ಗಂಡಸನ್ನ ಜೇಬೆಜ್ ಗಂಡಸು ಅಂತ ಲೆಕ್ಕಕ್ಕೇ ತಗೊಂಡವನಲ್ಲ. ಮದುವೆಯಾದ ದಿನದಿಂದ ಅಳಿಯನ ಹೆಸರು ಒಂದು ಸಲ ಬಾಯಲ್ಲಿ ಬಂದಿರ್ಲಿಲ್ಲ. ಎದುರಿಗೇ ಕೂತಿದ್ರೂ ಮಗಳ ಕೈಲಿ ಹೇಳಿಸೋನು.

"ಎನಿಡ್, ನಿನ್ನ ಪೇಟೆಯವನಿಗೆ ಉಪ್ಪು ಬೇಕೇನೋ, ಕೇಳು."

"ಅಪ್ಪಾ, ಅವನು ನಿನ್ನ ಪಕ್ಕದಲ್ಲೇ ಇದಾನೆ."

"ಇದಾನಾ? ಬಾಲ ಕಾಣಿಸಲಿಲ್ಲ, ಗೊತ್ತಾಗಲಿಲ್ಲ."

ಸೆಲ್ವಿನ್ ಉಪ್ಪಿಲ್ಲದೇ ಉಣ್ಣೋನು. ಒಂದೇ ಒಂದು ಸಲ ಮಾವನ ಬಾಯಲ್ಲಿ ತನ್ನ ಹೆಸರು ಕೇಳಿ ಸಾಯ್ಬೇಕು ಅನ್ನೋದು ಅವನ ಆಸೆ.

ಹೀಗಿರೋವಾಗ ಜೇಬೆಜ್‌ಗೆ ಮೊಣಕಾಲು ಕೈಕೊಟ್ಟಿತು. ಅವನ ಮುದಿ ನಾಯೀನೂ ತೀರ್ಕೊಂಡಿತು. ಗೋಡೆ ಮೂಲೆ ಖಾಲಿ. ಆ ವಾರ ಪಬ್ಬಲ್ಲಿ ಅದೇ ಮಾತು, ಯಾರಿಗೆ ಆ ಜಾಗ ಅಂತ. ಸೆಲ್ವಿನ್ ಒಂದು ಲೋಟ ಬಿಯರು ಕುಡಿದಿದ್ದ. ಅವನಿಗೆ ಅರ್ಧ ಲೋಟದ ಮೇಲೆ ಕೊಡಬಾರದು. ಎದ್ದು ನಿಂತು, "ಆ ಜಾಗಕ್ಕೆ ನಾನು ನಿಲ್ತೀನಿ. ನಾಯಿ ನಾನೇ ಆರಿಸ್ತೀನಿ, ನಾನೇ ತಯಾರು ಮಾಡ್ತೀನಿ" ಅಂದುಬಿಟ್ಟ.

ಪಬ್ಬು ಎಷ್ಟು ಸುಮ್ಮನಾಯ್ತು ಅಂದ್ರೆ ಪೀಪಾಯಿಲಿ ಬಿಯರು ಹುಳಿಯಾಗೋ ಸದ್ದು ಕೇಳಿಸ್ತು. ಜೇಬೆಜ್ ಪೈಪು ಬಾಯಿಂದ ತೆಗೆದ.

"ಪೇಟೆಯವನು ನಾಯೀನ ಕಾಡಿಗೆ ಕರ್ಕೊಂಡು ಹೋಗ್ತಾನಂತೆ. ಸಾಯಂಕಾಲ ನಾಯಿ ಇವನನ್ನ ಮನೆಗೆ ಕರ್ಕೊಂಡು ಬಂದ್ರೆ ಸಾಕು."

ಬೇಟೆ ಕಾವಲಿನ ರಾಯ್‌ಸ್ಟನ್ನು ಮಾತ್ರ ನಗಲಿಲ್ಲ. ಕಾಡಲ್ಲಿ ಅವನು ಹೇಳಿದ್ದೇ ಕಾನೂನು. "ಜೇಬೆಜ್ ಯಜಮಾನ್ರ ಮನೆ ಅಳಿಯ. ಒಂದು ದಿನ ನಿಲ್ಲಿಸಿ ನೋಡೋಣ. ನಾಯಿ ಬೆಳೆಯೋವರೆಗೆ ಮೂಲೆ ನಾನು ನೋಡ್ಕೋತೀನಿ" ಅಂದ. ಬೆಳಿಗ್ಗೆ ಎದ್ದ ಮೇಲೆ ಸೆಲ್ವಿನ್‌ಗೆ ತಾನೇನು ಹೇಳಿದ್ದು ಅಂತ ಎನಿಡ್ ಹೇಳಿದ್ಳು. ಅವನು ಮುಸುಕೆಳೆದು ಮತ್ತೆ ಮಲಗ್ದ.

ಮರಿ ಆರಿಸೋಕೆ ನಮ್ಮನೆಗೇ ಬಂದ. ಜೂನೋ ಏಳು ಹಾಕಿತ್ತು, ಎಲ್ಲಾ ಬೆಲ್ಲದ ಬಣ್ಣ. ಅವನ ಕೈಲೊಂದು ಲೈಬ್ರರಿ ಪುಸ್ತಕ, ಇನ್ನೊಂದು ಕೈಲಿ ಬ್ಯಾಟರಿ. ಒಂದೊಂದೇ ಮರೀನ ಎತ್ತಿ ಬಾಯಿಗೆ ಬೆಳಕು ಬಿಟ್ಟು ನೋಡ್ದ. ಹಲ್ಲಿನ ಡಾಕ್ಟ್ರು ಬಂದ ಅಂತ ಜೂನೋಗೇ ಗಾಬರಿ.

"ಮೂಲೇಲಿ ಸುಮ್ಮನೆ ಕೂತು ನಿನ್ನ ಮುಖಾನೇ ನೋಡ್ತಿದೆಯಲ್ಲ, ಅದನ್ನ ತಗೋಳಪ್ಪ" ಅಂದೆ ನಾನು. "ಮುಖ ನೋಡೋ ನಾಯಿ ಮಾತು ಕೇಳುತ್ತೆ."

"ಪುಸ್ತಕದಲ್ಲಿ ಬೇರೆ ಬರ್ದಿದೆ. ಮರಿ ನಮ್ಮನ್ನ ಆರಿಸಬೇಕಂತೆ."

ಹಾಗನ್ನೋ ಹೊತ್ತಿಗೆ ಇನ್ನೊಂದು ಮರಿ ಕುರ್ಚಿ ಹತ್ತಿ, ಗೋಡೆ ಗೂಟಕ್ಕೆ ನೇತುಹಾಕಿದ್ದ ಅವನ ಮಫ್ಲರು ಎಳೆದು, ಅದರಲ್ಲೇ ಸುತ್ತಿಕೊಂಡು ಉರುಳಿ ಬಂದು ಅವನ ಬೂಟಿನ ಮೇಲೆ ಬಿತ್ತು. ಸೆಲ್ವಿನ್ ಕಣ್ಣಲ್ಲಿ ನೀರು. "ತಂದುಕೊಡ್ತು! ಹೇಳದೇ ತಂದುಕೊಡ್ತು! ಇದೇ ನನ್ನ ನಾಯಿ." ಆ ಮಫ್ಲರಲ್ಲಿ ಬೆಳಗಿನ ಬೇಕನ್ ಜಿಡ್ಡು ವಾಸನೆ ನನಗೇ ಹೊಡೀತಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಹೆಣ್ಣು ನೋಡೋಕೆ ಬಂದವರಿಗೂ ನಾಯಿ ನೋಡೋಕೆ ಬಂದವರಿಗೂ ಒಂದು ಮಾತಿಗಿಂತ ಹೆಚ್ಚು ಹೇಳಬಾರದು.

ಟಾಫಿ ಅಂತ ಹೆಸರಿಟ್ಟ. ತಯಾರಿ ಶುರುವಾಯ್ತು. ಒಂದು ಸಲ ಸೀಟಿ ಊದಿದ್ರೆ ಕೂರಬೇಕು, ಎರಡು ಸಲ ಊದಿದ್ರೆ ಬರಬೇಕು. ಪಕ್ಕದ ಮನೆ ವಿಲ್ಫ್ ಮೊದಲು ರೈಲ್ವೇಲಿ ಗಾರ್ಡಾಗಿದ್ದವನು. ಸೀಟಿ ಕೇಳಿದ್ರೆ ಅವನ ಮೈ ತಡೀತಿರ್ಲಿಲ್ಲ. ಉಣ್ತಾ ಕೂತವನು ಥಟ್ಟನೆ ಎದ್ದು, ಹೆಂಡತಿ ಮೇವಿಸಳ ಹಸಿರು ಕರವಸ್ತ್ರ ಬೀಸಿ, ಬಾಗಿಲು ದಬಾರಂತ ಹಾಕೋನು. ಟಾಫಿ ಕೂತ್ಕೊಳ್ಳೋದು ಕಲಿಯೋಕೆ ಮುಂಚೆ ವಿಲ್ಫ್ ಕಲಿತ. ಸೂಪು ತಣ್ಣಗಾಗಿ ಮೇವಿಸ್ ಬಂದು ಜಗಳ ಕಾದ್ಳು.

"ಏನಯ್ಯಾ ಸೆಲ್ವಿನ್, ನಿನ್ನ ನಾಯೀನ ಪಳಗಿಸ್ತಿದೀಯೋ, ನನ್ನ ಗಂಡನ್ನೋ?"

"ತಪ್ಪಾಯ್ತು ಮೇವಿಸ್. ಮೆಲ್ಲಗೆ ಊದ್ತೀನಿ."

"ಜೋರಾಗೇ ಊದು. ಆದ್ರೆ ಅವನು ಪಾತ್ರೆ ತೊಳೆಯೋ ಸೀಟಿ ಯಾವುದು ಅಂತ ಹುಡುಕಿ ಹೇಳು."

ನಾಯಿ ಚೆನ್ನಾಗೇ ಬೆಳೀತು, ಸುಳ್ಳು ಹೇಳಬಾರದು. ಕೂರು ಅಂದ್ರೆ ಕೂರೋದು. ಬಾಯಂತೂ ಬೆಣ್ಣೆ. ಕೋಳಿಮೊಟ್ಟೆ ಕೊಟ್ರೆ ಬೀದಿ ತುದಿವರೆಗೂ ಒಡೀದೇ ಒಯ್ದು ಬರೋದು. ಆಮೇಲೆ ನಿಜವಾದ ಹಕ್ಕೀಲಿ ಅಭ್ಯಾಸ ಮಾಡಿಸಬೇಕಲ್ಲ? ರಾಯ್‌ಸ್ಟನ್ ನಾಲ್ಕಾರು ಸತ್ತ ಫೆಸೆಂಟ್ ಕೊಟ್ಟ. ಎಸೆದು ತರಿಸು ಅಂದ. ಸೆಲ್ವಿನ್ ಮನೆ ಹಿತ್ತಿಲು ಅಂದ್ರೆ ಎರಡು ಚಾಪೆ ಹಾಸಿದ್ರೆ ಮುಗೀತು. ಹೊಲಕ್ಕೆ ಹೋಗಿ ಎಸೆಯೋಣ ಅಂದ್ರೆ ನಾಲ್ಕು ಜನ ನೋಡ್ತಾರೆ, ಮಾವನ ಕಿವಿಗೆ ಬೀಳುತ್ತೆ ಅಂತ ನಾಚಿಕೆ. ಹಿತ್ತಿಲಲ್ಲೇ ಬೀಸಿ ಎಸೆದ.

ಹಕ್ಕಿ ಗೋಡೆ ದಾಟಿ ಮೇವಿಸ್ ಬಟ್ಟೆ ಒಣಹಾಕೋ ಹಗ್ಗಕ್ಕೆ ಕತ್ತು ಸಿಕ್ಕಿಸಿಕೊಂಡು ನೇತಾಡ್ತು. ಟಾಫಿ ಒಂದೇ ನೆಗೆತಕ್ಕೆ ಗೋಡೆ ಹಾರಿ, ಹಕ್ಕಿ ಇಳಿಸಿಕೊಂಡು ತಂದು ಕೈಗೆ ಕೊಡ್ತು. ಹಕ್ಕಿ ಜೊತೆ ಮೇವಿಸಳ ಒಳಲಂಗಾನೂ ಬಂದಿತ್ತು. ಸೆಲ್ವಿನ್ ಖುಷೀಲಿ ನೋಡಲೇ ಇಲ್ಲ. ಒಂದು ಕೈಲಿ ಹಕ್ಕಿ, ಒಂದು ಕೈಲಿ ಲಂಗ ಎತ್ತಿಹಿಡಿದು "ಭಲೇ! ಭಲೇ!" ಅಂತ ಕುಣಿಯೋವಾಗ ಗೋಡೆ ಮೇಲೆ ಮೇವಿಸ್ ಮುಖ ಮೂಡ್ತು.

ಕಾನ್‌ಸ್ಟೇಬಲ್ ಪಾಡ್‌ಮೋರ್ ಬಂದ. ಲಂಗ ವಾಪಸ್ ಕೊಡಿಸ್ದ. "ನೋಡು ಸೆಲ್ವಿನ್, ನಾಯಿ ಮಾಡಿದ್ದಕ್ಕೆ ಕಾನೂನಲ್ಲಿ ಏನೋ ಇದೆ. ನೀನು ಕುಣಿದಿದ್ದಕ್ಕೆ ಏನೂ ಇಲ್ಲ, ಇರಬೇಕಿತ್ತು" ಅಂದ. ಆವತ್ತಿಂದ ಎಸೆಯೋದು ಬಂದ್. ಆದ್ರೆ ಅಭ್ಯಾಸ ನಿಲ್ಲಿಸೋ ಹಾಗಿಲ್ಲವಲ್ಲ. ಸೆಲ್ವಿನ್ ಏನು ಮಾಡ್ದ? ಹಿತ್ತಿಲ ಮೂಲೇಲಿ ಸಾಮಾನಿಡೋ ಹಲಗೆ ಗೂಡಿತ್ತು. ಹಕ್ಕಿಗಳ ಕತ್ತಿಗೆ ಹುರಿ ಕಟ್ಟಿ, ನಮ್ಮವರೆಲ್ಲ ಮಾಡೋ ಹಾಗೇ, ಅದರೊಳಗೆ ಸಾಲಾಗಿ ಮೊಳೆಗೆ ನೇತುಹಾಕ್ದ. ಬಾಗಿಲು ತೆಗೆದಿಟ್ಟು, "ತಾ!" ಅಂದ. ಟಾಫಿ ಹೋಗಿ, ಒಂದನ್ನ ಮೊಳೆಯಿಂದ ಬಿಡಿಸಿ, ತಂದು ಕೈಗೆ ಕೊಡ್ತು. ದಿನಾ ಬೆಳಿಗ್ಗೆ, ದಿನಾ ಸಾಯಂಕಾಲ ಇದೇ. ಪಾಪ, ಅದಕ್ಕೆ ಫೆಸೆಂಟ್ ಅನ್ನೋದು ಆಕಾಶದಿಂದ ಬೀಳುತ್ತೆ ಅಂತ ಹೇಳಿಕೊಟ್ಟವರು ಯಾರು? ಅದು ಮೊಳೇಲಿ ಬಿಡೋ ಹಣ್ಣು ಅಂತ ತಿಳ್ಕೊಂಡಿತ್ತು.

ಬೇಟೆ ದಿನ ಬಂತು. ಮಂಜು, ಹಸುವಿನ ಕೆಚ್ಚಲಿಗೆ ಕೈ ಹಾಕಿದ್ರೆ ಹಾಲು ಯಾವುದು ಮಂಜು ಯಾವುದು ಗೊತ್ತಾಗದಷ್ಟು. ಮೊದಲನೇ ಸುತ್ತು ಕೊಳದ ಕಡೆ ಮುಗೀತು. ಆ ಹಕ್ಕಿಗಳನ್ನೆಲ್ಲ ಕತ್ತಿಗೆ ಹುರಿ ಕಟ್ಟಿ ಹಕ್ಕಿ ಗಾಡಿ ಕೊಕ್ಕೆಗಳಿಗೆ ಸಾಲಾಗಿ ನೇತುಹಾಕಿದ್ರು. ಗಾಡಿ ಎಳೆಯೋ ಟ್ರಾಕ್ಟರು ನಮ್ಮ ವಿಲ್ಫ್‌ದು. ಎರಡನೇ ಸುತ್ತು ಲಾರ್ಚ್ ದಿಣ್ಣೆ. ವಿಲ್ಫ್ ಗಾಡೀನ ಗೋಡೆ ಹಿಂದಿನ ಓಣೀಲಿ ನಿಲ್ಲಿಸಿ, ಎಂಜಿನ್ ಹತ್ರ ಬೆಚ್ಚಗೆ ಕೂತು, ಫ್ಲಾಸ್ಕಿಂದ ಟೀ ಕುಡೀತಿದ್ದ. ಟೀ ಅಂತ ಅವನು ಹೇಳ್ತಿದ್ದ, ವಾಸನೆ ಬೇರೆ ಹೇಳ್ತಿತ್ತು.

ಗೋಡೆ ಮೂಲೇಲಿ ಸೆಲ್ವಿನ್, ಪಕ್ಕದಲ್ಲಿ ಟಾಫಿ. ನಾಲ್ಕು ಮಾರು ಹಿಂದೆ ಮಡಚೋ ಸ್ಟೂಲಿನ ಮೇಲೆ ಜೇಬೆಜ್ ಮುದುಕ, ಕೋಲಿನ ಮೇಲೆ ಗದ್ದ ಇಟ್ಟು ಕೂತಿದ್ದ. ಪೊದೆ ಬಡಿಯೋರು ಹಾ ಹೂ ಅಂತ ಬಂದ್ರು, ಹಕ್ಕಿ ಎದ್ದವು, ಢಂ ಢಂ ಅಂತು. ಟಾಫಿ ಅಲ್ಲಾಡಲಿಲ್ಲ. ಉಳಿದ ನಾಯಿಗಳು ಕುಯ್ಯೋ ಅಂತ ಆಕಾಶ ನೋಡ್ತಿದ್ರೆ ಇದು ಅರಸು ಮನೆತನದವರ ಹಾಗೆ ಸುಮ್ಮನೆ ಕೂತಿತ್ತು. ಆಕಾಶದಲ್ಲಿ ಅದಕ್ಕೇನು ಕೆಲಸ?

ಕೊಂಬು ಊದಿದ್ರು. ಇನ್ನು ನಾಯಿ ಬಿಡಬಹುದು. ಸೆಲ್ವಿನ್ ಕೈ ಮುಂದೆ ಚಾಚ್ದ. "ತಾ!"

ಟಾಫಿ ಒಂದು ಸಲ ಮುಂದೆ ನೋಡ್ತು, ಒಂದು ಸಲ ಮೂಗೆತ್ತಿ ಗಾಳಿ ನೋಡ್ತು, ತಿರುಗಿ ಗೋಡೆ ಹಾರಿ ಹಿಂದಕ್ಕೆ ಓಡ್ತು. ಓಡಿಹೋಯ್ತು, ಮನೆಗೇ ಹೋಯ್ತು, ಮಾನ ಹೋಯ್ತು ಅಂತ ಸೆಲ್ವಿನ್ ನಿಂತಿರೋವಾಗ ಮಂಜು ಸೀಳಿಕೊಂಡು ವಾಪಸ್ ಬಂತು, ಬಾಯಲ್ಲಿ ಕೈಯುದ್ದ ಬಾಲದ ಗಂಡು ಫೆಸೆಂಟ್! ಎದುರಿಗೆ ಕೂತು, ತಲೆ ಎತ್ತಿ, ಕೈಗೆ ಕೊಡ್ತು.

"ಗೋಡೆ ಹಿಂದೆ ಬಿದ್ದಿದ್ದು ಯಾರಿಗೂ ಕಾಣಲಿಲ್ಲವಲ್ಲೋ!" ಅಂತ ಪಕ್ಕದವರು ಬಾಯಿ ಬಿಟ್ರು.

ಹಿಂದಿಂದ ಒಂದು ಧ್ವನಿ ಬಂತು. ಅದು ಜೇಬೆಜ್‌ದು ಅಂತ ನಂಬೋಕೆ ಸೆಲ್ವಿನ್‌ಗೆ ಹೊತ್ತು ಹಿಡೀತು.

"ಸೆಲ್ವಿನ್. ಆ ಹಕ್ಕಿ ಇಲ್ಲಿ ತಾ, ನೋಡೋಣ."

ಸೆಲ್ವಿನ್! ಕಿವಿಗೆ ಜೇನು ಸುರಿದ ಹಾಗಾಯ್ತು. ಅದೇ ಹೊತ್ತಿಗೆ ಬೆರಳಿಗೆ ಏನೋ ತಗುಲ್ತು. ಹಕ್ಕಿ ಕತ್ತಲ್ಲಿ ಹುರಿ. ಹಕ್ಕಿ ಕಲ್ಲಿನ ಹಾಗೆ ತಣ್ಣಗಿತ್ತು. ಓಣೀಲಿ ಗಾಡಿ ನಿಂತಿರೋದು ನೆನಪಾಯ್ತು, ಮನೆ ಹಿತ್ತಿಲ ಗೂಡಿನ ಮೊಳೆ ನೆನಪಾಯ್ತು. ಹುರಿ ಕಟ್ಕೊಂಡು ಹಾರೋ ಫೆಸೆಂಟ್ ನಮ್ಮ ಕಣಿವೇಲಿ ಇನ್ನೂ ಹುಟ್ಟಿಲ್ಲ. ಆಗ್ಲೇ "ತಪ್ಪಾಯ್ತು ಮಾವ" ಅಂದಿದ್ರೆ ಮುಗೀತಿತ್ತು. ಆದ್ರೆ ಕಿವೀಲಿನ್ನೂ ಹೆಸರು ಗುಂಯ್ ಅಂತಿತ್ತು. ಬೆರಳು ತಾನಾಗೇ ಹುರಿ ಕಳಚಿ ಜೇಬಿಗೆ ಹಾಕ್ತು.

ಜೇಬೆಜ್ ಹಕ್ಕಿ ಮುಟ್ಟಿ ನೋಡ್ದ. "ತಣ್ಣಗಿದೆಯಲ್ಲ?"

"ಚಳಿ, ಮಾವ."

"ಹೂಂ. ಚಳಿ. ಇನ್ನೊಂದು ತರಿಸು, ಸೆಲ್ವಿನ್."

ತರಿಸ್ದ. ತರಿಸದೇ ಇರೋಕಾಗುತ್ತಾ? ಟಾಫಿ ಹೋಗೋದು, ತರೋದು, ಹೋಗೋದು, ತರೋದು. ಪ್ರತಿ ಹಕ್ಕಿಗೂ ಒಂದು ಹುರಿ ಜೇಬಿಗೆ, ಒಂದು "ಸೆಲ್ವಿನ್" ಕಿವಿಗೆ. ಅವನ ಕಿವಿ ಎಷ್ಟು ಕೆಂಪಾಗಿತ್ತು ಅಂದ್ರೆ ಸೂರ್ಯ ಮುಳುಗಿದ ಅಂತ ಉಳಿದ ಹಕ್ಕಿಗಳು ಗೂಡಿಗೆ ಹೋದ್ವು. ರಾಯ್‌ಸ್ಟನ್ ಕೈಲಿ ಎಣಿಸೋ ಯಂತ್ರ. ಗೋಡೆ ಹತ್ರ ರಾಶಿಗೆ ಹಕ್ಕಿ ಬಿದ್ದ ಹಾಗೆಲ್ಲ ಹೆಬ್ಬೆಟ್ಟು ಒತ್ತೋನು, ಕ್ಲಿಕ್, ಕ್ಲಿಕ್. ಆಮೇಲೆ ವಿಲ್ಫ್ ಬಂದು ರಾಶೀನ ಚೀಲಕ್ಕೆ ತುಂಬಿ ಒಯ್ದು, ಮತ್ತೆ ಹುರಿ ಕಟ್ಟಿ ಗಾಡಿಗೆ ನೇತುಹಾಕೋನು. ಮುಂದಿನ ಸುತ್ತಲ್ಲಿ ಟಾಫಿ ಮತ್ತೆ ಅವನ್ನೇ ತರೋದು. ಒಂದು ಬಿಳಿ ಕತ್ತಿನ ಗಂಡು ಫೆಸೆಂಟ್ ಆವತ್ತು ಐದು ಸಲ ಸತ್ತಿತು ಅಂತ ನಾನು ಹೇಳ್ತೀನಿ. ನಾಲ್ಕು ಅಂತ ಎನಿಡ್ ಹೇಳ್ತಾಳೆ.

ಮಧ್ಯಾಹ್ನ ಕಣಜದ ಕೊಟ್ಟಿಗೇಲಿ ಊಟ. ಬಟಾಣಿ ಸೂಪು ನನ್ನದು, ಹಂದಿಮಾಂಸದ ಪೈ ಎನಿಡ್‌ದು, ತಟ್ಟೆ ಹಂಚೋಕೆ ಮೇವಿಸ್. ಬಾಗಿಲ ಎದುರಿಗೇ ಹಕ್ಕಿ ಗಾಡಿ ನಿಂತಿತ್ತು. ಸೆಲ್ವಿನ್ ಒಳಗೆ ಬಂದಾಗ ಬಂದೂಕಿನವರೆಲ್ಲ ಚಪ್ಪಾಳೆ ಹೊಡೆದ್ರು. ಮೇಜರ್ ಸಾಹೇಬ್ರು ಬಂದು ಕೈ ಕುಲುಕಿದ್ರು. ಜೇಬೆಜ್ ತನ್ನ ಬೆಂಚಲ್ಲಿ ಸರಿದು ಜಾಗ ಮಾಡ್ದ. ಅಳಿಯನ ಪೈ ಮೇಲೆ ತನ್ನ ಕೈಯಾರೆ ಸಾಸಿವೆ ಹಚ್ಚಿಕೊಟ್ಟ.

"ತಿನ್ನು, ಸೆಲ್ವಿನ್. ಮುಂದಿನ ವರ್ಷದಿಂದ ಆ ಮೂಲೆ ನಿನ್ನದು."

ಎನಿಡ್ ದೂರದಿಂದ ನೋಡಿ ಸೆರಗಿಲ್ಲದ್ದಕ್ಕೆ ಏಪ್ರನ್‌ನಲ್ಲೇ ಕಣ್ಣೊರೆಸಿಕೊಂಡ್ಳು. ಸೆಲ್ವಿನ್ ಪೈ ಬಾಯಿಗಿಡದೇ ಕೈಲೇ ಹಿಡ್ಕೊಂಡು ಕೂತ.

ಆಗ ರಾಯ್‌ಸ್ಟನ್ ಬಾಗಿಲಲ್ಲಿ ನಿಂತ. ಮುಖ ಸುಣ್ಣ. "ಯಾರೂ ಹೊರಗೆ ಹೋಗಬೇಡಿ. ನನ್ನ ಯಂತ್ರದ ಲೆಕ್ಕಕ್ಕಿಂತ ಗಾಡೀಲಿ ಮೂರು ಡಜನ್ ಹಕ್ಕಿ ಕಮ್ಮಿ ಇದೆ. ನನ್ನ ಕಾವಲಲ್ಲಿ ಇದುವರೆಗೂ ಒಂದು ಪುಕ್ಕ ಕಳುವಾಗಿಲ್ಲ."

ಎಲ್ಲರ ಕಣ್ಣೂ ವಿಲ್ಫ್ ಕಡೆ ತಿರುಗ್ತು. ಗಾಡಿ ಹತ್ರ ಇದ್ದವನು ಅವನೊಬ್ಬನೇ.

"ನಾನು ಮುಟ್ಟಿಲ್ಲ, ಸಾಹೇಬ್ರೇ. ಗಾಡೀಲಿ ಭೂತ ಇದೆ. ಹಕ್ಕಿ ನೇತುಹಾಕ್ತೀನಿ, ಆ ಕಡೆ ತಿರುಗಿ ಒಂದು ಗುಟುಕು ಟೀ ಕುಡಿದು ಬಂದು ನೋಡಿದ್ರೆ ಕೊಕ್ಕೆ ಖಾಲಿ. ಚೀಲ ತಂದು ಬಿಚ್ಚಿದ್ರೆ ಅದೇ ಹಕ್ಕಿಗಳು, ನನ್ನನ್ನೇ ನೋಡ್ತಿರ್ತವೆ. ದೇವರಾಣೆ, ಫ್ಲಾಸ್ಕು ಬೇಲಿಗೆ ಚೆಲ್ಲಿಬಿಟ್ಟೆ. ಇನ್ನು ಜನ್ಮದಲ್ಲಿ ಮುಟ್ಟಲ್ಲ."

ಕಾನ್‌ಸ್ಟೇಬಲ್ ಪಾಡ್‌ಮೋರ್ ಪೈ ತಿನ್ನೋಕೇ ಬಂದಿದ್ದ. ಬಾಯಿ ತುಂಬಿಕೊಂಡೇ ಎದ್ದ. "ಭೂತವನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗೋಕಾಗಲ್ಲ ವಿಲ್ಫ್. ನಿನ್ನನ್ನ ಕರ್ಕೊಂಡು ಹೋಗ್ಬಹುದು."

ಮೇವಿಸ್ ಕೈಲಿದ್ದ ತಟ್ಟೆಗಳನ್ನ ಮೆಲ್ಲಗೆ ಕೆಳಗಿಟ್ಳು. ಅವಳು ಕೂಗಾಡಿದ್ರೆ ಚೆನ್ನಾಗಿತ್ತು. ಕೂಗಾಡಲಿಲ್ಲ. "ಕುಡೀತಾನೆ, ಹೌದು. ಕದಿಯಲ್ಲ" ಅಂತ ಇಷ್ಟೇ ಅಂದು, ಗೋಡೆ ಕಡೆ ತಿರುಗಿ ನಿಂತ್ಳು.

ಸೆಲ್ವಿನ್ ಎದ್ದು ನಿಂತ. ಕಾಲು ಮುಂಚೆ ಎದ್ದವು, ಉಳಿದದ್ದು ಆಮೇಲೆ ಎದ್ದಿತು.

"ವಿಲ್ಫ್ ಅಲ್ಲ. ನಾನು. ನನ್ನ ನಾಯಿ. ಅದು ಒಂದು ಹಕ್ಕೀನೂ ಕಾಡಿಂದ ತಂದಿಲ್ಲ. ಎಲ್ಲಾ ಗಾಡಿಯಿಂದಲೇ ತಂದಿದ್ದು. ನನಗೆ ಮೊದಲನೇ ಹಕ್ಕೀಲೇ ಗೊತ್ತಾಗಿತ್ತು. ಒಂದೊಂದು ಹಕ್ಕೀನ ನೀವು ಮೂರು ಮೂರು ಸಲ ಎಣಿಸಿದೀರಿ."

ಸೆಲ್ವಿನ್ ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ. ಮೇಜರ್ ಸಾಹೇಬ್ರು ಗಂಟಲು ಸರಿ ಮಾಡ್ಕೊಂಡ್ರು.

"ನೋಡಿ, ದೊಡ್ಡ ಮನಸ್ಸು ಅಂದ್ರೆ ಇದು. ಪಕ್ಕದ ಮನೆಯವನನ್ನ ಉಳಿಸೋಕೆ ತನ್ನ ನಾಯಿ ಹೆಸರಿಗೇ ಮಸಿ ಬಳೀತಿದಾನೆ!"

"ಅಲ್ಲ ಸಾರ್, ನಿಜವಾಗ್ಲೂ..."

"ಅಯ್ಯೋ ನಮ್ಮಪ್ಪಾ!" ಅಂತ ಮೇವಿಸ್ ಓಡಿ ಬಂದು ಅವನ ಕತ್ತಿಗೆ ಬಿದ್ಳು. "ನಿನ್ನ ಮೇಲೆ ಪೋಲೀಸ್ ಕರೆಸಿದ್ನಲ್ಲೋ ನಾನು!"

"ಹುರಿ ಇದೆ! ನೋಡಿ!" ಅಂತ ಸೆಲ್ವಿನ್ ಜೇಬಿಂದ ಹುರಿ ಉಂಡೆ ತೆಗೆದು ಮೇಜಿನ ಮೇಲೆ ಹಾಕ್ದ.

ರಾಯ್‌ಸ್ಟನ್ ತನ್ನ ಜೇಬಿಗೆ ಕೈ ಹಾಕಿ ಅಷ್ಟೇ ದೊಡ್ಡ ಹುರಿ ಉಂಡೆ ತೆಗೆದ. ಪೊದೆ ಬಡಿಯೋರು ಒಬ್ಬೊಬ್ಬರೇ ತೆಗೆದ್ರು. ಪಾಡ್‌ಮೋರ್ ಯೂನಿಫಾರಂ ಜೇಬಿಂದಲೂ ಬಂತು. ನಮ್ಮ ಕಡೆ ಜೇಬಲ್ಲಿ ಹುರಿ ಇಲ್ಲದ ಗಂಡಸನ್ನ ಮಣ್ಣು ಮಾಡೋದೂ ಇಲ್ಲ. "ಇದೇನು ಸಾಕ್ಷಿನಪ್ಪಾ?" ಅಂದ ರಾಯ್‌ಸ್ಟನ್.

ಜೇಬೆಜ್ ಕೋಲು ಕುಟ್ಟಿದ. "ಹಾಗಾದ್ರೆ ತೋರಿಸಲಿ. ಗಾಡಿ ಎದುರಿಗೇ ಇದೆ. ನಾಯಿ ಬಿಡು, ಸೆಲ್ವಿನ್."

ಎಲ್ಲರೂ ಅಂಗಳಕ್ಕೆ ಬಂದ್ರು. ಬಂದೂಕಿನವರು ಸೂಪಿನ ಬಟ್ಟಲು ಹಿಡ್ಕೊಂಡೇ ಬಂದ್ರು. ಗಾಡಿ ಹತ್ತು ಹೆಜ್ಜೆ ದೂರದಲ್ಲಿ, ತುಂಬಾ ಹಕ್ಕಿ. ಸೆಲ್ವಿನ್ ಮನಸ್ಸಲ್ಲೇ ಕೈ ಮುಗಿದ. ಟಾಫಿ, ನನ್ನ ತಾಯಿ, ಇದೊಂದು ಸಲ ಕೆಟ್ಟ ನಾಯಿಯಾಗು, ವಿಲ್ಫ್ ಉಳೀತಾನೆ.

"ತಾ!"

ಟಾಫಿ ಹೊರಟಿತು. ಗಾಡಿ ಕಡೆಗೇ ಹೋಯ್ತು. ಗಾಡಿ ಪಕ್ಕದಲ್ಲೇ ಹೋಯ್ತು. ಗಾಡಿ ದಾಟಿ ಹೋಯ್ತು! ಮೂಗು ನೆಲಕ್ಕಿಟ್ಟು, ಬೇಲಿ ನುಗ್ಗಿ, ಒಣಗಿದ ಜರಿಗಿಡಗಳ ಒಳಗೆ ಮಾಯವಾಯ್ತು. ಸ್ವಲ್ಪ ಹೊತ್ತಿಗೆ ಬಂತು. ಬಾಯಲ್ಲಿ ರೆಕ್ಕೆ ಮುರಿದ ಫೆಸೆಂಟ್. ಬಿಸಿಬಿಸಿ, ಕಣ್ಣು ಪಿಳಿಪಿಳಿ ಅಂತಿತ್ತು, ಕತ್ತಲ್ಲಿ ಹುರಿ ಇಲ್ಲ. ಬೆಳಿಗ್ಗೆಯಿಂದ ಎಲ್ಲಾ ನಾಯಿಗಳೂ ಹುಡುಕಿ ಸೋತಿದ್ದ ಹಕ್ಕಿ. ಹುಟ್ಟಿದಾಗಿಂದ ಮಾಡದ ಒಳ್ಳೆ ಕೆಲಸಕ್ಕೆ ಆ ಮುಂಡೇದು ಆ ಗಳಿಗೇನೇ ಆರಿಸ್ಕೊಂಡಿತ್ತು.

ಜನ ಹೋ ಅಂದ್ರು. ಮೇಜರ್ ಸಾಹೇಬ್ರು ಅದರ ಮರಿ ಒಂದು ತಮಗೇ ಬೇಕು ಅಂದ್ರು. ಪಾಡ್‌ಮೋರ್ ಸಾಸಿವೆ ಒರೆಸಿಕೊಂಡು ವಿಲ್ಫ್ ಹೆಗಲ ಮೇಲೆ ಕೈಯಿಟ್ಟ. "ನಡಿಯಪ್ಪಾ. ದೊಡ್ಡವರು ಬಿಟ್ರೂ ಕಾನೂನು ಬಿಡಲ್ಲ." ವಿಲ್ಫ್ ಟೋಪಿ ತೆಗೆದು ಕೈಲಿ ಹಿಡ್ಕೊಂಡ. ಆ ಟೋಪಿ ಸೆಲ್ವಿನ್ನೇ ಮಾರಿದ್ದು.

ಅದನ್ನ ನೋಡಿ ಸೆಲ್ವಿನ್‌ಗೆ ಏನಾಯ್ತೋ. "ಹಾಗಲ್ಲ! ಹಾಗಲ್ಲ! ಹೀಗೆ!" ಅಂತ ಕಿರುಚಿ, ಅಂಗಳದ ಕೆಸರಲ್ಲಿ ನಾಲ್ಕು ಕಾಲಲ್ಲಿ ನಿಂತ. ನಿಂತವನೇ ಗಾಡಿ ಕಡೆ ಓಡ್ದ, ಮೊಣಕಾಲೂರಿ, ಅಂಗೈಯೂರಿ. ಮುಂಗಾಲು ಎತ್ತಿ ಗಾಡಿ ಅಂಚಿಗಿಟ್ಟ. ಕತ್ತು ಚಾಚಿ, ಬಿಳಿ ಕತ್ತಿನ ಆ ಗಂಡು ಫೆಸೆಂಟನ್ನ ಹಲ್ಲಲ್ಲಿ ಹಿಡಿದು, ಕೊಕ್ಕೆಯಿಂದ ಬಿಡಿಸಿ, ವಾಪಸ್ ತಿರುಗ್ದ. ಮೇಜರ್ ಸಾಹೇಬ್ರ ಬಟ್ಟಲಿಂದ ಸೂಪು ಬೂಟಿಗೆ ಸುರೀತಿತ್ತು, ಅವರಿಗೆ ಗೊತ್ತಿಲ್ಲ. ಎನಿಡ್ ಮುಖ ಮುಚ್ಕೊಂಡು, ಬೆರಳ ಸಂದೀಲಿ ನೋಡಿದ್ಳು.

ಟಾಫಿ ತಲೆ ಓರೆ ಮಾಡಿ ಯಜಮಾನನನ್ನ ನೋಡ್ತು. ಓ, ಈ ಆಟವಾ ಅಂದ ಹಾಗೆ ಬಾಲ ಆಡಿಸಿ, ಓಡಿ ಹೋಗಿ, ಗಾಡಿಯಿಂದ ಒಂದು ಹಕ್ಕಿ ಇಳಿಸಿ ತಂತು. ಇನ್ನೊಂದು ತಂತು. ಮತ್ತೊಂದು. ಹೇಳೋರಿಲ್ಲ ಕೇಳೋರಿಲ್ಲ. ಹಕ್ಕಿ ನೆಲಕ್ಕೆ ಬಿದ್ದ ಹಾಗೆಲ್ಲ, ರಾಯ್‌ಸ್ಟನ್ ಹೆಬ್ಬೆಟ್ಟು ಅಭ್ಯಾಸಬಲದಿಂದ ತಾನೇ ಒತ್ತಿತು. ಕ್ಲಿಕ್. ಕ್ಲಿಕ್. ಕ್ಲಿಕ್. ಆಮೇಲೆ ಅವನು ಹೆಬ್ಬೆಟ್ಟು ನೋಡ್ದ, ಯಂತ್ರ ನೋಡ್ದ, ಗಾಡಿ ನೋಡ್ದ. ಯಂತ್ರಾನ ಮೆಲ್ಲಗೆ ಜೇಬಿಗೆ ಹಾಕ್ಕೊಂಡ.

ಪಾಡ್‌ಮೋರ್ ವಿಲ್ಫ್ ಹೆಗಲ ಮೇಲಿಂದ ಕೈ ತೆಗೆದು, ಅದೇ ಕೈಲಿ ಅವನ ಕೋಟಿನ ಧೂಳು ಕೊಡವಿದ. "ನಾನು ಚೆಲ್ಲಿದ್ದು ಒಳ್ಳೆ ಮಾಲು" ಅಂತ ವಿಲ್ಫ್ ಅಳೋಕೆ ಶುರು ಮಾಡ್ದ. "ಜನ್ಮದಲ್ಲಿ ಮುಟ್ಟಲ್ಲ ಅಂದಿದೀಯ, ಎಲ್ಲಾರೂ ಕೇಳಿದಾರೆ" ಅಂದ್ಳು ಮೇವಿಸ್.

ಆಮೇಲೆ ನಗು. ಒಂದು ಕಡೆಯಿಂದ ಹತ್ತಿಕೊಂಡು ಕಣಿವೆ ಆಚೆವರೆಗೂ ಹೋಯ್ತು. ಸೆಲ್ವಿನ್ ಅಂಗಳದ ನಡುವೆ ಹಾಗೇ ಇದ್ದ, ಕೈಕಾಲು ಕೆಸರಲ್ಲಿ, ಹಕ್ಕಿ ಬಾಯಲ್ಲಿ. ಏಳೋಕೆ ಧೈರ್ಯ ಇಲ್ಲ. ಎದ್ರೆ ಮನುಷ್ಯನಾಗಬೇಕು, ಮನುಷ್ಯನಾದ್ರೆ ಮುಖ ತೋರಿಸಬೇಕು. ಕಣ್ಣು ನೆಲಕ್ಕೆ ನೆಟ್ಟಿತ್ತು. ಹಾಗಾಗಿ ಮೊದಲು ಕಂಡಿದ್ದು ಕೋಲಿನ ತುದಿ, ಆಮೇಲೆ ಎರಡು ಹಳೇ ಬೂಟು.

ಜೇಬೆಜ್ ಮುದುಕ ಎದುರಿಗೆ ಬಂದು ನಿಂತಿದ್ದ. ನಗು ನಿಂತುಹೋಯ್ತು. ಆ ಕೈಕೊಟ್ಟ ಮೊಣಕಾಲುಗಳನ್ನ ಒಂದೊಂದಾಗಿ ಮಡಚಿ, ಅಯ್ಯಪ್ಪಾ ಅಂತ ಕೆಸರಲ್ಲಿ ಕೂತ. ಎರಡೂ ಕೈ ಚಾಚಿ ಹಕ್ಕಿ ಎದೆ ಕೆಳಗೆ ಹಿಡಿದ. ಸೆಲ್ವಿನ್ ಬಾಯಿ ಬಿಟ್ಟ. ಮುದುಕ ಹಕ್ಕೀನ ತಿರುಗಿಸಿ, ಗರಿ ಊದಿ, ಪಕ್ಕೆಲುಬು ಒಂದೊಂದೇ ಬೆರಳಲ್ಲಿ ಒತ್ತಿ ನೋಡ್ದ. ಒಂದೂ ಮುರಿದಿರ್ಲಿಲ್ಲ.

ಈ ಜೇಬೆಜ್ ಇದಾನಲ್ಲ, ಹೆಂಡತಿ ಸಾಯೋವಾಗಲೂ ಅವಳಿಗೊಂದು ಮೆಚ್ಚುಗೆ ಮಾತಾಡಿದವನಲ್ಲ. ಎನಿಡ್‌ಗೂ ಆಡಿದ್ದಿಲ್ಲ. ಅವನ ಬಾಯಲ್ಲಿ ಒಂದು ಒಳ್ಳೆ ಮಾತು ಕೇಳಿ ಸತ್ತಿದ್ದು ಅಂದ್ರೆ ಅವನ ನಾಯಿಗಳು ಮಾತ್ರ. ಆ ಮುದುಕ ಅಳಿಯನ ಬೋಳುತಲೆ ಮೇಲೆ ಕೈಯಿಟ್ಟ, ಕಿವಿ ಹಿಂದೆ ಸ್ವಲ್ಪ ಕೆರೆದ, ಒಂದು ಮಾತಂದ.

ಹೆಸರಲ್ಲ. ಪೇಟೆಯವನೂ ಅಲ್ಲ. ಅದನ್ನ ಕೇಳಿ ಎನಿಡ್ ಅಳೋಕೆ ಶುರು ಮಾಡಿದ್ಳು, ಸೆಲ್ವಿನ್ ನಗೋಕೆ ಶುರು ಮಾಡ್ದ, ಕಿವಿ ಮಾತ್ರ ಇವತ್ತಿಗೂ ಕೆಂಪಗೇ ಇದೆ. ಏನಂದಿರ್ತಾನೆ? ನಾಯಿ ಸಾಕಿದೀರಲ್ಲ, ನೀವೇ ಹೇಳಿ ನೋಡೋಣ.